ನೆತ್ತಿ ಬೋಳು

"ಗುರುಗಳೇ, ಭಯ ಹೋಗುವ ಮಂತ್ರವೇನಾದರೂ ಇದ್ದರೆ ನನಗೆ ಕೊಡಿ" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠಕ್ಕೆ ಹೊಸಬ. ಬೆಟ್ಟದ ಸೀಮೆಯಿಂದ ಬಯಲುಸೀಮೆಯ ಆ ಮಠಕ್ಕೆ ಓದಲು ಬಂದವನು. ದೂರದಲ್ಲಿ ಎಲ್ಲೋ ಗುಡುಗಿದರೆ ಸಾಕು, ಅಂಗಳದಲ್ಲಿ ಹಾಸಿದ ಚಾಪೆ ಸುತ್ತಿಕೊಂಡು ಒಳಗೆ ಓಡುತ್ತಿದ್ದ. ಉಳಿದ ಶಿಷ್ಯರಿಗೆ ಅದೊಂದು ಮೋಜು. ಆ ದಿನ ಬೆಳಿಗ್ಗೆ ಯಾರೋ ಅವನ ಬೆನ್ನ ಹಿಂದೆ ಖಾಲಿ ಡಬ್ಬ ಉರುಳಿಸಿ ಗುಡುಗಿನ ಸದ್ದು ಮಾಡಿದ್ದರು. ಅವನು ಊಟದ ತಟ್ಟೆ ಬಿಟ್ಟು ಎದ್ದಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಇನ್ನು ಈ ಅವಮಾನ ತಾಳಲಾರೆ ಎಂದುಕೊಂಡೇ ಅವನು ಗುರುಗಳ ಮುಂದೆ ಬಂದು ಕುಳಿತಿದ್ದ.

ಗುರುಗಳು ಅವನ ಮುಖವನ್ನೊಮ್ಮೆ ನೋಡಿ, ಮಂತ್ರದ ಮಾತು ಆಮೇಲೆ ಆಡೋಣ, ಮೊದಲು ಒಂದು ಕತೆ ಕೇಳು ಎಂದರು.

ಒಂದು ದೇಶವಿತ್ತು. ದೇಶ ಒಂದೇ, ಅರಸ ಒಬ್ಬನೇ, ಮೇಲೆ ಹಾಯುವ ಮೋಡವೂ ಅದೇ. ಆದರೆ ಆ ಮೋಡಕ್ಕೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಪಡುವಣ ಬೆಟ್ಟದವರು ಅದನ್ನು ಅತ್ತೆ ಎನ್ನುತ್ತಿದ್ದರು. ಒಮ್ಮೆ ಬಂದು ಕುಳಿತರೆ ಹೊರಡುವ ಮಾತೇ ಇಲ್ಲ, ಸೂರ್ಯನ ಮುಖ ಕಾಣಲು ತಿಂಗಳುಗಟ್ಟಲೆ ಕಾಯಬೇಕು. ಮೂಡಣ ಕಡೆಯ ಉಪ್ಪಿನ ಸೀಮೆಯಲ್ಲಿ ಅದರ ಹೆಸರು ಕಳ್ಳ. ಹೊತ್ತಲ್ಲದ ಹೊತ್ತಿನಲ್ಲಿ ನಾಲ್ಕು ಹನಿ ಉದುರಿಸಿದರೂ ಬಿಸಿಲಿನಲ್ಲಿ ಕೂಡಿಸಿದ ಉಪ್ಪೆಲ್ಲ ಕರಗಿಹೋಗುತ್ತಿತ್ತು. ನಡುವಿನ ಬಯಲಿನವರು ಅದನ್ನು ದಾರಿಹೋಕ ಎಂದು ಕರೆದರು. ಬೆಟ್ಟದಲ್ಲಿ ಹೊರೆ ಇಳಿಸಿದ ಮೋಡ ಅವರ ತಲೆಯ ಮೇಲೆ ಖಾಲಿ ಗಾಡಿಯ ಹಾಗೆ ಹಾದುಹೋಗುತ್ತಿತ್ತು. ಅದರ ನೆರಳು ಬಂತೆಂದರೆ ಜನ ಹೊರಗೆ ಬಂದು ಆ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತು, ಅದು ಮುಂದೆ ಹೋದ ಮೇಲೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು.

ಬೆಟ್ಟದ ಸೀಮೆಯ ಒಬ್ಬ ತಂದೆ ತನ್ನ ಮಗಳನ್ನು ಈ ಬಯಲಿಗೆ ಕೊಟ್ಟ. ಹೊಲ ಎಷ್ಟು, ದನ ಎಷ್ಟು ಎಂದು ಅವನು ವಿಚಾರಿಸಲಿಲ್ಲ. ಮಳೆಗಾಲದಲ್ಲೂ ನಿಮ್ಮಲ್ಲಿ ಬಟ್ಟೆ ಒಣಗುತ್ತದೆಯೇ ಎಂದು ಕೇಳಿದ. ಒಣಗುತ್ತದೆ ಎಂದರು. ಅಷ್ಟು ಸಾಕು ಎಂದ. ಅವನ ಹೆಂಡತಿ ಹಸಿ ಬಟ್ಟೆಯಲ್ಲೇ ಬಾಳಿ, ಕೆಮ್ಮಿ ಕೆಮ್ಮಿ ಸತ್ತಿದ್ದಳು. ಮಗಳಾದರೂ ಬೆಚ್ಚಗಿರಲಿ ಎಂಬುದು ಅವನ ಆಸೆ.

ಗಂಡನ ಮನೆಯವರು ಕಲ್ಲಂಗಡಿ ಬೆಳೆಯುವವರು. ಬೆಟ್ಟದಲ್ಲಿ ಹುಟ್ಟಿದ ಹೊಳೆ ಅವರ ಊರಿನ ಪಕ್ಕದಲ್ಲಿ ಹರಿಯುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿ, ನಡುವೆ ನೀರಿನ ಒಂದು ಎಳೆ ಮಾತ್ರ ಉಳಿಯುತ್ತಿತ್ತು. ಆಗ ಊರಿನ ಜನ ಮರಳಿಗೆ ಇಳಿದು, ಗುಂಡಿ ತೋಡಿ, ಗೊಬ್ಬರ ತುಂಬಿ, ಬೀಜ ಊರುತ್ತಿದ್ದರು. ಹೊಳೆಯ ನಡುವೆಯೇ ಗುಡಿಸಲು ಹಾಕಿ, ಹಣ್ಣು ಗಾಡಿಗೆ ಏರುವವರೆಗೂ ಮಕ್ಕಳುಮರಿ ಸಮೇತ ಅಲ್ಲೇ ಇರುತ್ತಿದ್ದರು. ಬೆಟ್ಟದಲ್ಲಿ ಮಳೆ ಹಿಡಿಯುವ ಹೊತ್ತಿಗೆ ಇವರು ಗುಡಿಸಲು ಕಿತ್ತುಕೊಂಡು ದಡ ಹತ್ತಿರುತ್ತಿದ್ದರು. ಹಾಗಾಗಿ ಹೊಳೆ ಅವರನ್ನು ಎಂದೂ ಮುಟ್ಟಿರಲಿಲ್ಲ.

ಹೊಳೆಯಲ್ಲಿ ಬಾಳುವವರಿಗೆ ಒಂದು ಕಟ್ಟಳೆ ಇತ್ತು. ದಿನಾಲೂ ಹಿರಿಯನೊಬ್ಬ ಹುಬ್ಬಿನ ಮೇಲೆ ಕೈಯಿಟ್ಟು, ಕತ್ತು ಹಿಂದಕ್ಕೆ ವಾಲಿಸಿ, ನೆಟ್ಟಗೆ ಮೇಲಕ್ಕೆ ನೋಡುತ್ತಿದ್ದ. ಮೋಡವಿಲ್ಲದಿದ್ದರೆ 'ನೆತ್ತಿ ಬೋಳು' ಎಂದು ಕೂಗುತ್ತಿದ್ದ. ಆ ಮಾತು ಕಿವಿಗೆ ಬಿದ್ದರೆ ಮುಗಿಯಿತು, ಇನ್ನು ಯಾರಿಗೂ ಯಾವ ಚಿಂತೆಯೂ ಇಲ್ಲ. ದೂರದಲ್ಲಿ, ಪಡುವಣದ ಅಂಚಿನಲ್ಲಿ ಏನಿದೆ ಎಂದು ನೋಡುವ ರೂಢಿ ಅವರಲ್ಲಿ ಇರಲಿಲ್ಲ. ತಮ್ಮ ತಲೆಯ ಮೇಲಿಲ್ಲದ್ದು ತಮಗೆ ಸಂಬಂಧಪಟ್ಟದ್ದಲ್ಲ ಎಂಬ ಜನ. ಹಾಗೆ ಕೂಗುತ್ತಿದ್ದ ಹಿರಿಯ ಈ ಹುಡುಗಿಯ ಮಾವನೇ. ಒಳ್ಳೆಯ ಮನುಷ್ಯ, ಸೊಸೆಯೊಂದಿಗೆ ಒಂದು ದಿನವೂ ಏರಿದ ದನಿಯಲ್ಲಿ ಮಾತಾಡಿದವನಲ್ಲ. ತಾನು ಬೋಳು ಎಂದ ದಿನ ಒಂದು ಹನಿಯೂ ಬಿದ್ದಿಲ್ಲ ಎಂದು ಅವನಿಗೆ ಹೆಮ್ಮೆ. ಅದು ನಿಜವೂ ಆಗಿತ್ತು.

ಮೊದಲ ಬೇಸಿಗೆಯಲ್ಲಿ ಸೊಸೆಗೆ ಮರಳಿನ ಮೇಲೆ ಕಣ್ಣು ಮುಚ್ಚಲಾಗಲಿಲ್ಲ. ಹೊಳೆಯ ಮಡಿಲಲ್ಲಿ ಯಾರಾದರೂ ಮಲಗುತ್ತಾರೆಯೇ ಎಂದು ಅವಳ ಜೀವ ಹಾರುತ್ತಿತ್ತು. ಊಟ ಮಾಡುವಾಗಲೂ ದಡದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅತ್ತೆ, ಮಳೆಯ ನಾಡಿನವಳು ಬಿಸಿಲಿಗೂ ಹೆದರುತ್ತಾಳೆ ಎಂದು ನೆರೆಯವರ ಮುಂದೆ ನಗೆಯಾಡಿದಳು. ಅಕ್ಕಪಕ್ಕದ ಗುಡಿಸಲಿನ ಹೆಂಗಸರು ಅವಳಿಗೆ ಪುಕ್ಕಲಿ ಎಂದು ಹೆಸರಿಟ್ಟರು. ಅವಳಿಗೆ ನಾಚಿಕೆಯಾಯಿತು. ಮುಂದಿನ ಬೇಸಿಗೆಯಲ್ಲಿ ಅವರೊಂದಿಗೆ ತಾನೂ ತನ್ನನ್ನು ನೋಡಿ ನಕ್ಕಳು. ಮಗು ಹುಟ್ಟುವ ಹೊತ್ತಿಗೆ ಅವಳೂ ಕತ್ತು ಹಿಂದಕ್ಕೆ ವಾಲಿಸಿ, ನೆತ್ತಿ ನೋಡಿ, ಹಾಯಾಗಿ ಮಲಗುವುದನ್ನು ಕಲಿತಿದ್ದಳು. ಈಗ ನಮ್ಮವಳಾದಳು ಎಂದು ಅತ್ತೆ ಎಲ್ಲರಿಗೂ ಹೇಳಿಕೊಂಡು ಬಂದಳು.

ಆ ವರ್ಷ ಹಣ್ಣು ಚೆನ್ನಾಗಿ ಬಂತು. ಮಾರನೆಯ ದಿನ ಗಾಡಿಗಳು ಬರುವುದಿತ್ತು. ಕೊಯ್ದ ಹಣ್ಣನ್ನು ಮರಳಿನ ಮೇಲೆ ರಾಶಿ ಹಾಕಿದ್ದರು. ಸುಡುಸುಡು ಮಧ್ಯಾಹ್ನ. ಮಾವ ಮೇಲೆ ನೋಡಿ, ನೆತ್ತಿ ಬೋಳು ಎಂದು ಕೂಗಿಯಾಗಿತ್ತು. ಮಗು ಗುಡಿಸಲಿನ ಒಳಗೆ ಸೀರೆಯ ಜೋಲಿಯಲ್ಲಿ ಮಲಗಿತ್ತು. ಅವಳು ನೀರಿನ ಎಳೆಯ ಪಕ್ಕದಲ್ಲಿ ಕುಳಿತು ಮಡಕೆ ತೊಳೆಯುತ್ತಿದ್ದಳು.

ಆಗ ಒಂದು ಎಲೆಯ ದೊನ್ನೆ ತೇಲಿಕೊಂಡು ಬಂತು.

ಅದರಲ್ಲಿ ಅರಿಶಿನ, ಕುಂಕುಮ, ಒಂದು ಹೂವು ಇದ್ದವು. ಅಂಥ ದೊನ್ನೆ ಯಾವುದೋ ಒಂದು ವರ್ಷ ಒಂದೋ ಎರಡೋ ದಡಕ್ಕೆ ಬಂದು ತಾಗುವುದುಂಟು. ಬಯಲಿನ ಹೆಂಗಸರು ಅದನ್ನು ಹೊಳೆಯವ್ವ ಕಳಿಸಿದ ಉಡಿ ಎನ್ನುತ್ತಿದ್ದರು, ಸಿಕ್ಕವಳು ಪುಣ್ಯವಂತೆ. ಆದರೆ ಇದು ಹಲಸಿನ ಎಲೆಯ ದೊನ್ನೆ. ಬಯಲಿನಲ್ಲಿ ಹಲಸಿನ ಮರವೇ ಇಲ್ಲ. ಎಲೆ ಮಡಿಸಿ ಬಿದಿರಿನ ಸೀಳಿನಿಂದ ಚುಚ್ಚಿದ ಆ ರೀತಿ ಅವಳ ತವರಿನದು. ಸಣ್ಣವಳಿದ್ದಾಗ ಅವಳೂ ಅಂಥದ್ದನ್ನು ಹೊಲಿದು ನೀರಿಗೆ ಬಿಟ್ಟಿದ್ದಳು. ಅವಳ ಕಣ್ಣು ತುಂಬಿತು. ಚಿಟಿಕೆ ಅರಿಶಿನ ತೆಗೆದು ಕೆನ್ನೆಗೆ ಹಚ್ಚಿಕೊಂಡಳು.

ದೊನ್ನೆ ಹಿಡಿದ ಕೈ ತಣ್ಣಗಾಗುತ್ತಿತ್ತು. ಮಧ್ಯಾಹ್ನದ ಹೊತ್ತಿನಲ್ಲಿ ಕೈಯಿಟ್ಟರೆ ಸುಡುತ್ತಿದ್ದ ನೀರು ಇಂದು ಬಾವಿಯ ನೀರಿನಂತೆ ತಣ್ಣಗಿತ್ತು.

ತವರಿನಲ್ಲಿ ದೊನ್ನೆಯನ್ನು ಯಾವಾಗ ಬಿಡುತ್ತಿದ್ದರು ಎಂಬುದು ಅವಳಿಗೆ ನೆನಪಾಯಿತು. ಬೆಟ್ಟದಲ್ಲಿ ಮೊದಲ ಮಳೆ ಸುರಿದು ಹೊಳೆಗೆ ಹೊಸನೀರು ಬಂದ ದಿನ ಬಿಡುತ್ತಿದ್ದರು. ಬಿಟ್ಟ ಕೂಡಲೇ ಹೆಂಗಸರು ಮಕ್ಕಳ ಕೈ ಹಿಡಿದು ದಡ ಹತ್ತುತ್ತಿದ್ದರು, ಏಕೆಂದರೆ ಆ ಸಣ್ಣ ನೀರಿನ ಹಿಂದೆ ದೊಡ್ಡ ನೀರು ಬರುತ್ತಿತ್ತು. ಈ ವರ್ಷ ಅಲ್ಲಿ ಮಳೆ ಮುಂಚೆಯೇ ಬಂದಿರಬೇಕು.

ಅವಳು ಮೇಲೆ ನೋಡಿದಳು. ಎಲ್ಲಿಯೂ ಒಂದು ತುಣುಕು ಮೋಡವಿರಲಿಲ್ಲ. ನೆತ್ತಿ ಬೋಳಾಗಿದೆ ಎಂದು ಅವಳ ಎದೆ ತಾನಾಗಿಯೇ ಹಗುರವಾಯಿತು. ಮರುಗಳಿಗೆಯಲ್ಲಿ, ನೀರು ತಣ್ಣಗಿರುವುದು ಗೊತ್ತಿದ್ದೂ ತನಗೆ ಸಮಾಧಾನವಾಯಿತಲ್ಲ ಎಂದು ಹೊಳೆಯಿತು. ಆ ಸಮಾಧಾನ ಕಂಡು ಅವಳಿಗೆ ಎಂದೂ ಆಗದಷ್ಟು ಭಯವಾಯಿತು. ಮಡಕೆ ಅಲ್ಲೇ ಉರುಳಿತು.

ಅಷ್ಟರಲ್ಲಿ ಇನ್ನೊಂದು ದೊನ್ನೆ ಬಂತು, ಅದರ ಹಿಂದೆ ಮತ್ತೊಂದು. ಹೆಂಗಸರೆಲ್ಲ ಉಡಿ ಬಂತು, ಉಡಿ ಬಂತು ಎನ್ನುತ್ತ ಸೆರಗು ಹಿಡಿದು ನೀರಿಗೆ ಇಳಿದರು. ಎಲ್ಲರಿಗಿಂತ ಮುಂದೆ ಅವಳ ಅತ್ತೆ. ಸೊಸೆ ಓಡಿಹೋಗಿ ಮಾವನ ಮುಂದೆ ನಿಂತಳು.

"ಮಾವ, ಇದು ಉಡಿ ಅಲ್ಲ. ನಮ್ಮ ಕಡೆ ಹೊಸನೀರು ಬಂದ ಮೇಲೇ ದೊನ್ನೆ ಬಿಡೋದು. ಹಿಂದೆ ದೊಡ್ಡ ನೀರು ಬರ್ತಾ ಇದೆ. ಎಲ್ಲರನ್ನೂ ದಡ ಹತ್ತಿಸಿ."

ಮಾವ ಕತ್ತು ವಾಲಿಸಿ ಮೇಲೆ ನೋಡಿದ. ನಿಧಾನವಾಗಿಯೇ ನೋಡಿದ. ಆಮೇಲೆ ಮಗುವಿಗೆ ಹೇಳುವ ಹಾಗೆ ಹೇಳಿದ: "ನೀನ ನೋಡವ್ವಾ, ನೆತ್ತಿ ಬೋಳೈತಿ. ನಿಮ್ಮ ಸೀಮಿ ಮಳಿ ನಿಮ್ಮ ಸೀಮ್ಯಾಗ ಬಿದ್ದರ ನಮಗೇನಾತು?"

ಸುತ್ತ ಇದ್ದವರು ನಕ್ಕರು. ಪುಕ್ಕಲಿ ಮತ್ತೆ ಪುಕ್ಕಲಿಯಾದಳು ಎಂದು ಯಾರೋ ಅಂದರು. ಗಂಡ ತಲೆ ತಗ್ಗಿಸಿ, ಹೋಗು, ಒಳಗೆ ಹೋಗು ಎಂದು ಗದರಿದ. ಅವಳು ಒಳಗೆ ಹೋದಳು. ಜೋಲಿಯಿಂದ ಮಗುವನ್ನು ಎತ್ತಿಕೊಂಡು, ಗುಡಿಸಲಿನ ಹಿಂದಿನ ತಟ್ಟಿ ತಳ್ಳಿ, ದಡದ ಕಡೆಗೆ ಓಡಿದಳು. ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ಹಿಂದಿರುಗಿ ನೋಡಲಿಲ್ಲ.

ಮೊಮ್ಮಗುವನ್ನು ಎತ್ತಿಕೊಂಡು ತವರಿಗೆ ಓಡುತ್ತಿದ್ದಾಳೆ ಎಂದು ಅತ್ತೆ ಬೊಬ್ಬೆ ಹಾಕಿದಳು. ಸೆರಗಿನಲ್ಲಿದ್ದ ದೊನ್ನೆ ಚೆಲ್ಲಿ ಸೊಸೆಯ ಹಿಂದೆ ಓಡಿದಳು. ಮಾನ ಹೋಯಿತೆಂದು ಗಂಡ ಅವಳ ಹಿಂದೆ ಓಡಿದ. ಇನ್ನೊಬ್ಬರ ಮನೆಯ ಜಗಳ ಎಂದರೆ ಜನಕ್ಕೆ ಉಡಿಗಿಂತ ರುಚಿ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಏನಾಯಿತು, ಏನಾಯಿತು ಎನ್ನುತ್ತ ಬೆನ್ನುಹತ್ತಿ ದಡ ಏರಿದರು. ಅತ್ತೆ ಸೊಸೆಯ ಜುಟ್ಟು ಹಿಡಿದಳು. ಸೊಸೆ ಮಗುವನ್ನು ಎದೆಗೆ ಅವುಚಿಕೊಂಡು ಕುಳಿತುಬಿಟ್ಟಳು, ಎಷ್ಟು ಎಳೆದರೂ ಏಳಲಿಲ್ಲ. ಅಲ್ಲಿಂದಲೇ ಮಾವನನ್ನು ಒಂದೇ ಸಮನೆ ಕೂಗಿ ಕರೆಯುತ್ತಿದ್ದಳು.

ಮಾವ ಬರಲಿಲ್ಲ. ತಾನು ಎದ್ದರೆ ತನ್ನ ಕೂಗಿಗೆ ಬೆಲೆ ಎಲ್ಲಿ ಉಳಿಯಿತು? ಹೆದರುವಂಥದ್ದು ಏನೂ ಇಲ್ಲ ಎಂದು ದಡದವರಿಗೆ ಕಾಣಲಿ ಎಂದು, ಒಂದು ಕಲ್ಲಂಗಡಿಯನ್ನು ತಲೆಯಡಿಗೆ ಇಟ್ಟುಕೊಂಡು ಮರಳಿನ ಮೇಲೆ ಅಂಗಾತ ಮಲಗಿದ. ಮಲಗಿ ಆಕಾಶ ನೋಡುತ್ತಿದ್ದ.

ಮೊದಲು ಸದ್ದು ಬಂತು, ಬಹಳ ಗಾಡಿಗಳು ಒಟ್ಟಿಗೆ ಕಲ್ಲಿನ ಮೇಲೆ ಬಂದ ಹಾಗೆ. ಜನ ಗಾಡಿ ಇವತ್ತೇ ಬಂತೇನೋ ಎಂದು ರಸ್ತೆಯ ಕಡೆ ನೋಡಿದರು. ರಸ್ತೆ ಖಾಲಿ ಇತ್ತು. ಅತ್ತೆಯ ಕೈ ಜುಟ್ಟಿನ ಮೇಲೆ ಹಾಗೇ ನಿಂತಿತು. ಹೊಳೆಯ ತಿರುವಿನಲ್ಲಿ ಕೆಂಪು ನೀರು ಕಾಣಿಸಿತು, ಮುರಿದ ಕೊಂಬೆ, ಕಸ, ನೊರೆ ಎಲ್ಲವನ್ನೂ ಮುಂದೆ ತಳ್ಳಿಕೊಂಡು ಬರುತ್ತಿತ್ತು. ಮೇಲೆ ಬಿಸಿಲು ಹಾಗೇ ಉರಿಯುತ್ತಿತ್ತು. ಬಂದ ನೀರಿನ ಮೇಲೂ ಬಿಸಿಲು ಹೊಳೆಯುತ್ತಿತ್ತು.

ಗುಡಿಸಲುಗಳು ಕುಸಿದವು. ಜೋಲಿಯ ಸೀರೆ ಒಮ್ಮೆ ಮೇಲೆ ಕಾಣಿಸಿ ಮುಳುಗಿತು. ಹಣ್ಣಿನ ರಾಶಿ ಮೆಲ್ಲಗೆ ಅಲುಗಾಡಿ ಎದ್ದು ತೇಲಿತು. ಮಾವ ಎದ್ದು ನಿಂತಿದ್ದ. ನೀರು ಅವನ ಸೊಂಟಕ್ಕೆ ಬಂದಿತ್ತು. ಅವನು ದಡ ನೋಡಲಿಲ್ಲ, ನೀರು ಬಂದ ಕಡೆಗೂ ನೋಡಲಿಲ್ಲ. ಕೊನೆಯ ಬಾರಿ ಕಂಡಾಗಲೂ ಅವನ ಕೈ ಹುಬ್ಬಿನ ಮೇಲಿತ್ತು, ಮುಖ ಮೇಲಕ್ಕಿತ್ತು.

ದಡದ ಮೇಲೆ ಅವತ್ತು ಒಂದು ಹನಿಯೂ ಬೀಳಲಿಲ್ಲ. ಸೊಸೆಯ ಮಡಿಲಿನಲ್ಲಿದ್ದ ಮಗು ಬಿಸಿಲು ತಾಳಲಾರದೆ ಅತ್ತಿತು. ಅತ್ತೆ ಜುಟ್ಟು ಬಿಟ್ಟು, ತನ್ನ ಸೆರಗು ತೆಗೆದು ಮಗುವಿನ ತಲೆಗೆ ನೆರಳು ಹಿಡಿದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ತಾನು ಕೇಳಿದ್ದನ್ನು ಮೆಲ್ಲಗೆ ನೆನಪಿಸಿದ. ಕತೆ ಕೇಳಿ ಇದ್ದ ಭಯವೂ ಹೆಚ್ಚಿತು, ಮಂತ್ರ ಮಾತ್ರ ಸಿಗಲಿಲ್ಲ ಎಂದ.

ಗುರುಗಳು ಏಳುತ್ತ ಹೇಳಿದರು: "ಮಂತ್ರ ಆಗಲೇ ಹೇಳಿದೆನಲ್ಲ, ಮರುಳಯ್ಯ, ನೆತ್ತಿ ಬೋಳು ಎಂದು ದಿನಾಲೂ ಹೇಳಿಕೋ, ಆ ಮಾವನಿಗೆ ಕೊನೆಯವರೆಗೂ ಭಯವಾಗಲಿಲ್ಲ."