ಹಾಡದ ಬೀಸುಕಲ್ಲಿನ ಗುಡ್ಡ

ನಾನು ಈಗಿರುವ ಇಂಗ್ಲೆಂಡಿನ ಹೋಲ್ಮ್‌ವಿಕ್ ಊರಿನಲ್ಲಿ ಮುರಿದ ಕ್ರೈಸ್ತ ಮಠವೊಂದಿದೆ. ಅದರ ಬಾಗಿಲಲ್ಲಿ, ನೆಲಕ್ಕೆ ಹಾಸಿದ ಚಪ್ಪಡಿಗಳ ನಡುವೆ, ಬೀಸುಕಲ್ಲೊಂದು ಹುದುಗಿದೆ. ಎದುರಿನ ಬೋಳು ಗುಡ್ಡವನ್ನು ಊರವರು ಹಾಡದ ಬೀಸುಕಲ್ಲಿನ ಗುಡ್ಡವೆನ್ನುತ್ತಾರೆ. ಗುಡ್ಡದ ಮೇಲೆ ಕಲ್ಲಿಲ್ಲ. ಹುಲ್ಲು ಬೆಳೆಯದ ದುಂಡನೆಯ ಒಂದು ತಗ್ಗು ಮಾತ್ರ ಇದೆ.

ಹಿಂದೆ ಒಮ್ಮೆ, ಹದಿನಾಲ್ಕನೆಯ ಶತಮಾನದಲ್ಲಿ, ಈ ಊರಿನ ಹೊಲವೂ ಜನರೂ ಮಠಕ್ಕೆ ಸೇರಿದ್ದರು. ಕಾಳನ್ನು ಮಠದ ನೀರುಗಿರಣಿಯಲ್ಲೇ ಬೀಸಿಸಿ, ಹಿಟ್ಟಿನಲ್ಲಿ ಪಾಲು ಕೊಡಬೇಕಿತ್ತು. ಮನೆಗಳಲ್ಲಿದ್ದ ಬೀಸುಕಲ್ಲುಗಳನ್ನು ಕಿತ್ತು ತಂದ ಸಂನ್ಯಾಸಿಗಳು ತಮ್ಮ ಬಾಗಿಲಿಗೆ ಹಾಸಿಕೊಂಡರು. ಮಹಾಮಾರಿ ಬಂದು ಅರ್ಧ ಊರನ್ನು ಒಯ್ದ ಮೇಲೂ ಪಾಲು ಕಡಿಮೆಯಾಗಲಿಲ್ಲ. ಕೊನೆಗೆ ಎಲ್ಲೆಡೆ ರೈತರು ದಂಗೆಯೆದ್ದರು. ಜೀತದಿಂದ ಬಿಡುಗಡೆ ಕೊಡುತ್ತೇನೆಂದು ಇನ್ನೂ ಹುಡುಗನಾಗಿದ್ದ ಅರಸ ಮಾತು ಕೊಟ್ಟನಂತೆ. ಸುದ್ದಿ ಕೇಳಿದ ಆಸ್ಬರ್ಟ್ ಎಂಬ ಒಕ್ಕಲಿನವನು ಜನರೊಂದಿಗೆ ಮಠಕ್ಕೆ ನುಗ್ಗಿ ಕಲ್ಲುಗಳನ್ನು ಎಬ್ಬಿಸಿದ. ತನ್ನ ಮನೆಯ ಕಲ್ಲನ್ನು ಹೆಂಡತಿ ಹಾವಿಸಳ ಮುಂದೆ ತಂದಿಟ್ಟ.

ಅಷ್ಟರಲ್ಲಿ ಅರಸ ಮಾತು ಮುರಿದ. ಸೈನಿಕರು ಆಸ್ಬರ್ಟನನ್ನು ಹುಡುಕತೊಡಗಿದರು. ಗಂಡಹೆಂಡಿರು ಕಲ್ಲಿನೊಂದಿಗೆ ಗುಡ್ಡದ ಪೊದೆಗಳಲ್ಲಿ ಅಡಗಿದರು. ಹಸಿವಿಗೆ ಬಾರ್ಲಿ ಬೀಸಲೇಬೇಕಾಯಿತು. ನಾನು ಹುಟ್ಟಿದ ಸೀಮೆಯಲ್ಲಿದ್ದಂತೆ ಇಲ್ಲಿಯೂ ಹೆಂಗಸರು ಹಾಡುತ್ತಲೇ ಬೀಸುತ್ತಿದ್ದರು. ಸತ್ತವರ ಮನೆಯಲ್ಲಿ ಮಾತ್ರ ಹಾಡಿಲ್ಲದೆ ಬೀಸುವುದು ರೂಢಿ. ಹಾವಿಸ್ ಹಾಡು ಎತ್ತಿದಳು.

"ಮೆಲ್ಲಗೆ ಕಣೇ. ನಿನ್ನ ದನಿಗೆ ಮಠದ ಕತ್ತೆಗಳೆಲ್ಲ ಓಡಿಬಂದಾವು," ಎಂದ ಆಸ್ಬರ್ಟ್.

"ಬರಲಿ ಬಿಡು. ಒಂದನ್ನು ಆಗಲೇ ಕಟ್ಟಿಕೊಂಡಿದ್ದೇನಲ್ಲ."

ಅವನು ನಕ್ಕ. ಆಮೇಲೆ, "ಸುಮ್ಮನೆ ಬೀಸಬಾರದೇ?" ಎಂದ.

"ನೀನು ಬದುಕಿರುವಾಗ ಸುಮ್ಮನೆ ಹೇಗೆ ಬೀಸಲಿ?"

ದನಿ ತಗ್ಗಿಸಿ ಹಾಡಿದಳು. ಗಾಳಿ ಇಳಿಜಾರಿನ ಕಡೆಗೆ ಬೀಸುತ್ತಿತ್ತು. ಸೈನಿಕರು ಹಾಡಿನ ಜಾಡು ಹಿಡಿದು ಬಂದು, ಅವಳೆದುರಿಗೇ ಆಸ್ಬರ್ಟನನ್ನು ಗುಡ್ಡದ ಓಕ್ ಮರಕ್ಕೆ ನೇಣು ಹಾಕಿದರು. ಕಲ್ಲು ಮತ್ತೆ ಮಠದ ಬಾಗಿಲಿಗೆ ಹೋಯಿತು. ಗಂಡನಿಗಾಗಿ ಹಾಡಿಲ್ಲದೆ ಬೀಸಲು ಹಾವಿಸಳಿಗೆ ಕಲ್ಲೇ ಉಳಿಯಲಿಲ್ಲ. ಅದು ಇದ್ದ ಜಾಗದಲ್ಲಿ ಕೂತು, ಬರಿಗೈಯನ್ನು ನೆಲದ ಮೇಲೆ ಸುತ್ತಿಸುತ್ತಾ ಅವಳು ಮುದುಕಿಯಾದಳು ಎನ್ನುತ್ತಾರೆ. ಆ ತಗ್ಗು ಅವಳ ಕೈಯಿಂದಾದದ್ದಂತೆ.

ಮಠದಲ್ಲಿ ವರ್ಷವರ್ಷದ ವೃತ್ತಾಂತ ಬರೆಯುತ್ತಿದ್ದ ಸಂನ್ಯಾಸಿಯೊಬ್ಬನಿದ್ದ. ಆ ವರ್ಷದ ಬಗ್ಗೆ ಅವನು ಬರೆದದ್ದು ಇಷ್ಟು: "ದುಷ್ಟನೊಬ್ಬನಿಗೆ ಶಿಕ್ಷೆಯಾಯಿತು. ದೇವರ ದಯೆಯಿಂದ ನಾಡು ಶಾಂತವಾಯಿತು. ಬಾಗಿಲ ನೆಲ ದುರಸ್ತಿಯಾಯಿತು." ಹಾವಿಸಳ ಹೆಸರು ಅದರಲ್ಲಿಲ್ಲ.

ಓಕ್ ಮರ ಈಗಿಲ್ಲ, ಮಠಕ್ಕೆ ಸೂರಿಲ್ಲ. ಬೀಸುಕಲ್ಲಿನ ಕುಳಿಯಲ್ಲಿ ಮಳೆನೀರು ನಿಲ್ಲುತ್ತದೆ. ಜಾರೀತು, ನೋಡಿ ಹೆಜ್ಜೆಯಿಡಿ ಎಂದು ಕಾವಲುಗಾರ ನೋಡಲು ಬಂದವರಿಗೆಲ್ಲ ಹೇಳುತ್ತಾನೆ. ಅವರು ನೋಡಿ, ಕಲ್ಲಿನ ಮೇಲೆಯೇ ಹೆಜ್ಜೆಯಿಟ್ಟು ಒಳಗೆ ಹೋಗುತ್ತಾರೆ.