ಓಗೊಟ್ಟವನು

"ಗುರುಗಳೇ, ಬರುತ್ತೇನೆ ಎಂದು ಹೇಳಿ ಹೋಗದಿದ್ದರೆ ಅದೇನು ದೊಡ್ಡ ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನ ಹೆಗಲ ಮೇಲೆ ಬುತ್ತಿಯ ಗಂಟಿತ್ತು. ಕಾಡು ಸುತ್ತಲು ಹೊರಟ ಗೆಳೆಯರು ಹೊರಗೆ ಕಾಯುತ್ತಿದ್ದರು. ಅದೇ ಬೆಳಿಗ್ಗೆ ಪಕ್ಕದ ಊರಿನಿಂದ ಗುರುಸಿದ್ಧ ಎಂಬ ಗೆಳೆಯ ಹೇಳಿಕಳಿಸಿದ್ದ. ಅವನು ಒಂಟಿ, ಜ್ವರ ಬಂದು ಮಲಗಿದ್ದ. ವೈದ್ಯರಲ್ಲಿಗೆ ಕರೆದುಕೊಂಡು ಹೋಗಲು ಬರುತ್ತೀಯಾ ಎಂದು ಕೇಳಿದ್ದ. ಬರುತ್ತೇನೆಂದು ಶಿಷ್ಯ ಮರುಮಾತು ಕಳಿಸಿದ್ದ.

"ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇವತ್ತಲ್ಲದಿದ್ದರೆ ನಾಳೆ ಹೋದರಾಯಿತು. ಬರುತ್ತೇನೆ ಎಂದರೆ ಅವನಿಗೂ ಒಂದು ಸಮಾಧಾನವಲ್ಲವೇ?"

"ಕೂತುಕೋ," ಎಂದರು ಗುರುಗಳು. "ಕಾಡೇನೂ ಓಡಿಹೋಗುವುದಿಲ್ಲ." ಹೀಗೆಂದು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿಗೆ ಕಾಡಿನ ಹುಚ್ಚು. ಅವನ ಊರಿನ ಆಚೆಗೆ ಎಲ್ಲರಿಗೂ ಸೇರಿದ ದೊಡ್ಡ ಕಾಡಿತ್ತು. ಅಲ್ಲಿ ಮರ ಕಡಿಯುವಂತಿರಲಿಲ್ಲ, ತಿರುಗಾಡಲು ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ. ವ್ಯಾಪಾರಿ ಮಳೆಗಾಲದಲ್ಲಿ ಅಬ್ಬಿ ಧುಮುಕುವುದನ್ನು ನೋಡಲು ಹೋಗುತ್ತಿದ್ದ, ಚಳಿಗಾಲದಲ್ಲಿ ಗುಡ್ಡ ಹತ್ತಲು ಹೋಗುತ್ತಿದ್ದ, ಬೇಸಿಗೆಯಲ್ಲಿ ಮಡುವಿನಲ್ಲಿ ಈಜಲು ಹೋಗುತ್ತಿದ್ದ. ಅಂಗಡಿಯ ಬಾಗಿಲು ಮುಚ್ಚಿದ್ದರೆ ಯಜಮಾನರು ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಕಾಡಿನಲ್ಲಿ ಜೇನು ಕೀಳುವವನೊಬ್ಬನಿದ್ದ. ಹೊಸದಾಗಿ ಬಂದವರಿಗೆ ಅವನು ಕಾಡಿನ ಕಟ್ಟಳೆ ತಿಳಿಸುತ್ತಿದ್ದ. ದಾರಿ ತಪ್ಪಿದವರು, ಬಿದ್ದವರು 'ಕೂ' ಎಂದು ಕೂಗಬೇಕು. ಕೇಳಿಸಿಕೊಂಡವನು ತಿರುಗಿ 'ಕೂ' ಎಂದು ಓಗೊಡಬೇಕು. ಓಗೊಟ್ಟವನು ಹೋಗಲೇಬೇಕು.

"ಹೋಗಕ್ಕಾಗಲ್ಲ ಅಂದ್ರೆ ಬಾಯಿ ಮುಚ್ಕೊಂಡಿರಿ ಸಾಮಿ," ಎನ್ನುತ್ತಿದ್ದ ಅವನು.

ವ್ಯಾಪಾರಿಗೆ ಇದರಲ್ಲಿ ಕೂಗುವುದು, ಓಗೊಡುವುದು ಮಾತ್ರ ಬಹಳ ಹಿಡಿಸಿತು. ಗುಡ್ಡದ ಮೇಲೆ ನಿಂತು ಕೂ ಹಾಕಿದರೆ ಕಣಿವೆಯೇ ಮಾರ್ದನಿ ಕೊಡುತ್ತಿತ್ತು. ಕೆಳಗಿನಿಂದ ಯಾರು ಕೂಗಿದರೂ ಅವನು ಮೇಲಿನಿಂದ ಓಗೊಡುತ್ತಿದ್ದ. ಬಹುಪಾಲು ಅವರೂ ಮೋಜಿಗೆ ಬಂದವರೇ. ಎರಡೂ ಕಡೆ ನಗು ಏಳುತ್ತಿತ್ತು. ಅಲ್ಲಿಗೆ ಮುಗಿಯಿತು, ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದ.

ಒಂದು ಮಳೆಗಾಲ ವ್ಯಾಪಾರಿ ತನ್ನ ತಮ್ಮನನ್ನೂ ಕರೆದುಕೊಂಡು ಹೋದ. ತಾಯಿಯಿಲ್ಲದ ಆ ಹುಡುಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು ಅವನೇ. ಅಣ್ಣ ಗುಡ್ಡ ಹತ್ತಿದ. ತಮ್ಮ ಸ್ವಲ್ಪ ಹೊತ್ತು ಹಳ್ಳದಲ್ಲಿ ಕಾಲಾಡಿಸಿ ಆಮೇಲೆ ಬರುತ್ತೇನೆಂದು ಕೆಳಗೇ ಉಳಿದ.

ಬಿಸಿಲು ಇನ್ನೂ ಇರುವಾಗಲೇ ಕಣಿವೆಯಿಂದ ಒಂದು ಕೂಗು ಬಂತು. ನೀರಿನ ಸದ್ದಿನಲ್ಲಿ ಯಾರ ದನಿಯೆಂದು ತಿಳಿಯುವಂತಿರಲಿಲ್ಲ. ವ್ಯಾಪಾರಿ ಅಂಗೈಗಳನ್ನು ಬಾಯಿಗೆ ಹಿಡಿದು ಗಟ್ಟಿಯಾಗಿ ಓಗೊಟ್ಟ. ಕೆಳಗಿನ ಕೂಗು ನಿಂತಿತು. "ಇಷ್ಟು ಬೇಗ ಸಾಕಾಯಿತೇ?" ಎಂದು ನಕ್ಕು ಬುತ್ತಿ ಬಿಚ್ಚಿದ.

ಊಟವಾದರೂ ತಮ್ಮ ಬರಲಿಲ್ಲ. ವ್ಯಾಪಾರಿ ಕೆಳಗಿಳಿದು ನೋಡಿದರೆ ಹಳ್ಳ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ಮೇಲೆಲ್ಲೋ ಮಳೆಯಾಗಿತ್ತು. ಜೇನಿನವನು ಎದೆಮಟ್ಟದ ನೀರಿನಲ್ಲಿ ನಿಂತು ಬಂಡೆಗಳ ಸಂದಿನಿಂದ ಒಂದು ದೇಹವನ್ನು ಬಿಡಿಸುತ್ತಿದ್ದ. ತಮ್ಮನ ಕಾಲು ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ಜೀವ ಹೋಗಿತ್ತು.

ವ್ಯಾಪಾರಿಗೆ ಅಳುವೂ ಬರಲಿಲ್ಲ. ಜೇನಿನವನ ತೋಳು ಹಿಡಿದು, "ನೀನು ಇಲ್ಲೇ ಇದ್ದೆ. ನಿನಗೆ ಕೂಗು ಕೇಳಿಸಲಿಲ್ಲವೇ?" ಎಂದ.

"ಕೇಳಿಸ್ತು ಸಾಮಿ. ಮರದಿಂದ ಅರ್ಧ ಇಳಿದಿದ್ದೆ. ಅಷ್ಟರಲ್ಲಿ ಗುಡ್ಡದ ಮೇಲಿಂದ ಯಾರೋ ಓಗೊಟ್ಟರು. ಹುಡುಗನೂ ಕೂಗೋದು ನಿಲ್ಲಿಸಿದ. ಅವರು ಬರ್ತಾರೆ ಅಂತ ನಾನು ತಿರುಗಿ ಮರ ಹತ್ತಿದೆ. ಯಾರೂ ಓಗೊಡದೆ ಇದ್ದಿದ್ರೆ ನಾನೇ ಬಂದುಬಿಡ್ತಿದ್ದೆ."

ವ್ಯಾಪಾರಿಯ ಕೈ ಜೇನಿನವನ ತೋಳಿನಿಂದ ಜಾರಿತು. ಆಮೇಲೆ ಅವನು ಬದುಕಿದ್ದಷ್ಟು ಕಾಲ ಅಂಗಡಿಯ ಬಾಗಿಲಲ್ಲಿ ಯಾರು ಕೂಗಿದರೂ ಬೆಚ್ಚಿ ಎದ್ದು ನಿಲ್ಲುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಗೆಳೆಯರು ಶಿಷ್ಯನ ಹೆಸರು ಹಿಡಿದು ಕರೆಯುತ್ತಿದ್ದರು.

"ಆದರೆ ಗುರುಸಿದ್ಧನಿಗೆ ಬಂದಿರುವುದು ಬರೀ ಜ್ವರ," ಎಂದ ಅವನು ಮೆಲ್ಲಗೆ.

"ನೀನು ಬರುತ್ತೀಯೆಂದು ನಂಬಿದ ಮೇಲೆ, ಅವನು ಬೇರೆ ಯಾರನ್ನು ಕರೆದಿರುತ್ತಾನೆ?" ಎಂದರು ಗುರುಗಳು.