ಎಂಜಲು ತಾಗದ ಲಕೋಟೆ

ಒಬ್ಬ ಶಿಷ್ಯ ಗುರುಗಳನ್ನು ಕೇಳಿದ: "ಪ್ರೀತಿ ಇರಬೇಕು, ಆದರೆ ಅಂಟಿಕೊಳ್ಳಬಾರದು ಎಂದು ಎಲ್ಲ ಗ್ರಂಥಗಳೂ ಹೇಳುತ್ತವೆ. ನಾನು ಮೂರು ವರ್ಷದಿಂದ ಅದನ್ನೇ ಅಭ್ಯಾಸ ಮಾಡುತ್ತಿದ್ದೇನೆ. ಈಗ ಯಾರು ಬಂದರೂ ಹಿಗ್ಗುವುದಿಲ್ಲ, ಯಾರು ಹೋದರೂ ಕುಗ್ಗುವುದಿಲ್ಲ. ಆದರೂ ಒಳಗೆ ಏನೋ ಖಾಲಿ. ನನ್ನ ಸಾಧನೆಯಲ್ಲಿ ತಪ್ಪೆಲ್ಲಿದೆ?"

ಗುರುಗಳು ಹೇಳಿದರು: "ನಿನಗಿಂತ ಚೆನ್ನಾಗಿ ಇದನ್ನು ಸಾಧಿಸಿದವನೊಬ್ಬನಿದ್ದ. ಅವನು ಯಾವ ಗ್ರಂಥವನ್ನೂ ಓದಿರಲಿಲ್ಲ. ಗ್ರಂಥಗಳಿಗೆ ರಟ್ಟು ಕಟ್ಟುತ್ತಿದ್ದ. ಕೂತುಕೋ, ಹೇಳುತ್ತೇನೆ."

ಆ ರಟ್ಟು ಕಟ್ಟುವವನ ಹೆಸರು ದೊಡ್ಡದಲ್ಲ, ಕೈ ದೊಡ್ಡದು. ಹುಳು ತಿಂದ ಪುಸ್ತಕ ಅವನ ಅಂಗಡಿಗೆ ಹೋದರೆ ಮದುಮಗನ ಹಾಗೆ ಹೊರಗೆ ಬರುತ್ತಿತ್ತು. ಮನೆಯಲ್ಲಿ ತಾಯಿ ಇದ್ದಳು, ಹೆಂಡತಿ ಇದ್ದಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಗಂಡಹೆಂಡಿರು ಹೆಚ್ಚು ಮಾತಾಡುವವರಲ್ಲ. ಊಟವಾದ ಮೇಲೆ ಅವಳು ವೀಳ್ಯದೆಲೆ ಮಡಚಿ ಕೊಡುತ್ತಿದ್ದಳು. ಅವನು ಅದನ್ನು ಜಗಿಯುತ್ತ ಜಗಲಿಯಲ್ಲಿ ಕೂರುತ್ತಿದ್ದ, ಅವಳು ಹೊಸ್ತಿಲ ಒಳಗೆ ಕೂರುತ್ತಿದ್ದಳು. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಮೂವತ್ತನೆಯ ವಯಸ್ಸಿಗೆ ಅವನಿಗೆ ಕೆಮ್ಮು ಹಿಡಿಯಿತು. ಮೊದಲು ಕಷಾಯ ಕುಡಿದ, ಆಮೇಲೆ ಹರಕೆ ಹೊತ್ತ. ಒಂದು ದಿನ ಕರವಸ್ತ್ರದಲ್ಲಿ ರಕ್ತ ಕಾಣಿಸಿತು. ಆ ಕಾಲದಲ್ಲಿ ಕ್ಷಯಕ್ಕೆ ಮದ್ದು ಬಂದಿರಲಿಲ್ಲ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ಮಿಕ್ಕದ್ದು ದೇವರು. ಎರಡು ದಿನದ ದಾರಿಯಲ್ಲಿ, ಗುಡ್ಡದ ಮೇಲೆ, ಒಂದು ಆರೋಗ್ಯಧಾಮವಿತ್ತು. ಅಲ್ಲಿಗೆ ಅವನನ್ನು ಸೇರಿಸಿದರು. ಆರು ತಿಂಗಳಲ್ಲಿ ಬಂದುಬಿಡುತ್ತೇನೆ ಎಂದು ಹೆಂಡತಿಗೆ ಹೇಳಿ ಹೋದ. ಅಲ್ಲಿಯ ವೈದ್ಯರು ಆರು ತಿಂಗಳ ಮಾತನ್ನು ಕೇಳಿ ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ಪಾಪ, ಅಂಥ ಮಾತನ್ನು ಅವರು ಬಹಳ ಕೇಳಿದ್ದರು.

ಪ್ರತಿ ಸೋಮವಾರ ಅವನು ಹೆಂಡತಿಗೆ ಕಾಗದ ಬರೆಯುತ್ತಿದ್ದ. ಎದುರಿಗಿದ್ದಾಗ ಆಡದ ಮಾತುಗಳೆಲ್ಲ ಆ ಕಾಗದಗಳಲ್ಲಿದ್ದವು. ಬರೆದು ಲಕೋಟೆಗೆ ಹಾಕಿ, ಅಂಟಿನ ಅಂಚಿಗೆ ನಾಲಿಗೆ ಸವರಿ, ಒತ್ತಿ ಮುಚ್ಚಿ, ಅಂಚೆಯ ಚೀಲಕ್ಕೆ ಹಾಕುತ್ತಿದ್ದ. ದಿನಾ ಹನ್ನೊಂದು ಗಂಟೆಗೆ ಟಪಾಲು ಬರುತ್ತಿತ್ತು. ಅವನು ಹತ್ತಕ್ಕೇ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವನ ಹೆಸರನ್ನು ಮಾತ್ರ ಯಾರೂ ಕೂಗಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು. ಹೆಂಡತಿ ತನ್ನನ್ನು ಮರೆತಳೆಂದು ಅವನು ನಂಬಲಾರ, ನೆನೆಯುತ್ತಾಳೆಂದು ನಂಬಲು ಒಂದು ಗೆರೆಯ ಆಧಾರವಿಲ್ಲ. ಈ ಎರಡರ ನಡುವೆ ಮಲಗಿದವನಿಗೆ ಯಾವ ಹಾಲು ತಾನೇ ಮೈಗೆ ಹತ್ತುತ್ತದೆ?

ಒಂದು ದಿನ ಅವನ ಊರಿನ ಸೊಪ್ಪಿನ ವ್ಯಾಪಾರಿಯೊಬ್ಬ ತನ್ನ ತಮ್ಮನನ್ನು ನೋಡಲು ಅಲ್ಲಿಗೆ ಬಂದ. ರಟ್ಟಿನವನು ಅವನ ಕೈ ಹಿಡಿಯಲು ಹೋಗಿ, ನೆನಪಾಗಿ ಹಿಂದೆ ಸರಿದು, ದೂರದಿಂದಲೇ ಕೇಳಿದ: "ನನ್ನ ಕಾಗದ ಮನೆಗೆ ಮುಟ್ತಾ ಇಲ್ವೇನಣ್ಣ?"

ವ್ಯಾಪಾರಿ ತಲೆ ತಗ್ಗಿಸಿ ಹೇಳಿದ: "ಮುಟ್ತವೆ ಕಣಪ್ಪ, ಒಂದೂ ತಪ್ಪಿಲ್ಲ. ನಿಮ್ಮಮ್ಮ ಇಕ್ಕಳದಲ್ಲಿ ಹಿಡ್ಕೊಂಡು ಬಚ್ಚಲ ಒಲೆಗೆ ಹಾಕ್ತಾರೆ. ಕಾಗದಕ್ಕಲ್ಲ ಅವರು ಹೆದರೋದು. ನಾಲಿಗೆ ಸವರಿ ಅಂಟಿಸಿರ್ತೀಯಲ್ಲ, ಆ ಎಂಜಲಿಗೆ."

ಆ ತಾಯಿಯನ್ನು ಕೆಟ್ಟವಳು ಎನ್ನಬೇಡ. ಅವಳು ಹಿರಿಯ ಮಗನನ್ನು ಇದೇ ಕೆಮ್ಮಿಗೆ ಕೊಟ್ಟಿದ್ದಳು. ಅವನ ಹಿಂದೆಯೇ ಅವನ ಹೆಂಡತಿಯೂ ಹೋಗಿದ್ದಳು. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ಉಳಿದ ಒಬ್ಬ ಸೊಸೆಯನ್ನಾದರೂ ಕಾಯಬೇಕೆಂದು ಅವಳು ಹಟ ತೊಟ್ಟಿದ್ದಳು. ಸೊಸೆ ಗಂಡನಿಗೆ ಬರೆಯದಂತೆ ಆಣೆ ಹಾಕಿಸಿದವಳೂ ಅವಳೇ. ಕಾಗದ ಹೋದರೆ ಕಾಗದ ಬರುತ್ತದೆ ಎಂಬುದು ಅವಳ ಲೆಕ್ಕ.

ರಟ್ಟಿನವನು ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೇರೆಯವನಾಗಿದ್ದರೆ ಹಾಗೆಯೇ ಮಲಗಿಬಿಡುತ್ತಿದ್ದ. ಆದರೆ ಅವನು ಕಸುಬುದಾರ. ಕಸುಬುದಾರನ ಮನಸ್ಸು ಅಳುತ್ತಿದ್ದರೂ ಕೈ ಕೆಲಸ ಹುಡುಕುತ್ತಿರುತ್ತದೆ. ಮೂರನೆಯ ದಿನ ಎದ್ದು ಕೂತು ಯೋಚಿಸಿದ. ತಪ್ಪು ಅಂಟಿನ ಅಂಚಿನಲ್ಲಿದೆ. ನೀರು ಹಚ್ಚಿ ಅಂಟಿಸಿದೆ ಎಂದರೆ ಅಮ್ಮ ನಂಬುವುದಿಲ್ಲ. ಒಣಗಿದ ಮೇಲೆ ನೀರಿನ ಕಲೆಗೂ ಎಂಜಲಿನ ಕಲೆಗೂ ವ್ಯತ್ಯಾಸವಿಲ್ಲ. ಹಾಗಾದರೆ ಹಸಿಯೇ ಬೇಡ. ನೋಡಿದವರಿಗೆ ಇದು ಹಸಿ ತಾಗದೆಯೇ ಮುಚ್ಚಿದ್ದು ಎಂದು ಕಣ್ಣಿಗೆ ಕಾಣಬೇಕು. ಅಂಥ ಲಕೋಟೆ ಬೇಕು.

ಕಾರ್ಡಿನಲ್ಲಿ ಬರೆದಿದ್ದರೆ ಆಗುತ್ತಿತ್ತಲ್ಲ ಎನ್ನುತ್ತೀಯೇನೋ. ನಿನ್ನಂಥ ಬ್ರಹ್ಮಚಾರಿಗಳಿಗೆ ಅದು ಹೊಳೆಯುವುದು ಸಹಜ. ಗಂಡ ಹೆಂಡತಿಗೆ ಬರೆದದ್ದನ್ನು ಅಂಚೆಯವನು ಓದುತ್ತ ಬೀದಿಯಲ್ಲಿ ಬಂದರೆ ಅದು ಕಾಗದವಲ್ಲ, ಡಂಗುರ.

ಮೊದಲು ಅವನು ಮಡಿಕೆಯನ್ನು ಒಂದು ಸೀಳಿನಲ್ಲಿ ಸಿಕ್ಕಿಸಿದ. ಚೀಲದಲ್ಲಿ ಕುಲುಕಿದರೆ ಅದು ಬಿಚ್ಚಿಕೊಂಡಿತು. ಗುಂಡುಸೂಜಿ ಚುಚ್ಚಿದ. ಅದು ಬಿಡಿಸುವವಳ ಬೆರಳಿಗೆ ಚುಚ್ಚಿದರೆ ಏನು ಗತಿ ಎಂದು ತಾನೇ ಕಿತ್ತು ಹಾಕಿದ. ದಾರ ಸುತ್ತಿ ನೋಡಿದ. ದಾರ ಯಾರು ಬೇಕಾದರೂ ಬಿಚ್ಚಿ ಮತ್ತೆ ಕಟ್ಟಬಹುದು. ಅರಗಿನ ಮುದ್ರೆ ಒತ್ತಿದರೆ ಹೇಗೆಂದು ವೈದ್ಯರು ಕೇಳಿದರು. ಅರಗು ಹಚ್ಚಿದ ಲಕೋಟೆ ನೋಡಿದರೆ ಕೋರ್ಟಿನಿಂದ ಬಂತೆಂದು ತಿಳಿದು ಅಮ್ಮ ಬಾಗಿಲನ್ನೇ ತೆಗೆಯುವುದಿಲ್ಲ ಎಂದು ಅವನು ಹೇಳಿದ.

ಹಳೆಯ ಪತ್ರಿಕೆಗಳನ್ನು ಕತ್ತರಿಸಿ ಮಡಚುತ್ತ ಏಳು ತಿಂಗಳು ಹೋದವು. ಒಂದು ದಿನ ಮಧ್ಯಾಹ್ನ ಊಟವಾಗಿ ಕೂತಿದ್ದ. ಬಾಯಿ ವೀಳ್ಯವನ್ನು ಬೇಡಿತು. ವೀಳ್ಯ ನೆನೆದರೆ ಅದನ್ನು ಕೊಡುತ್ತಿದ್ದ ಕೈ ನೆನಪಾಗದೆ ಇರುತ್ತದೆಯೇ? ಅವಳು ಎಲೆಯನ್ನು ಮೊದಲು ಎಡಕ್ಕೆ ಮಡಚುತ್ತಿದ್ದಳು, ಆಮೇಲೆ ಬಲಕ್ಕೆ, ಆಮೇಲೆ ಕೆಳಗಿನಿಂದ ಮೇಲಕ್ಕೆ. ಕೊನೆಗೆ ತುದಿಯನ್ನು ಮೊದಲಿನ ಮಡಿಕೆಯೊಳಗೆ ತೂರಿಸಿ ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಿದ್ದಳು. ಲವಂಗ ಚುಚ್ಚದೆ ಇದ್ದರೂ ಆ ಎಲೆ ಬಿಚ್ಚಿಕೊಳ್ಳುತ್ತಿರಲಿಲ್ಲ. ಅವನು ಒಂದು ಹಾಳೆ ತೆಗೆದುಕೊಂಡು ಅವಳ ಕೈ ಮಾಡಿದ ಹಾಗೆಯೇ ಮಾಡಿದ. ಎಷ್ಟೋ ಹೊತ್ತು ಆ ಹಾಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡೇ ಕೂತಿದ್ದ.

ಮಿಕ್ಕದ್ದು ಕಸುಬಿನ ಮಾತು. ಬಟ್ಟೆಗೆ ಇರುವ ಹಾಗೆ ಕಾಗದಕ್ಕೂ ಎಳೆ ಇದೆ, ಎಳೆಯ ಗುಂಟ ಮಡಚಿದರೆ ಅದು ಹೇಳಿದ ಮಾತು ಕೇಳುತ್ತದೆ. ಅವನು ಎಳೆ ನೋಡಿ ಹಾಳೆ ಕತ್ತರಿಸಿದ. ಕೊನೆಯ ಮಡಿಕೆಯ ತುದಿಯನ್ನು ಗಾಳದ ಮೊನೆಯ ಆಕಾರಕ್ಕೆ ತಂದು ಮೊದಲ ಮಡಿಕೆಯ ಸೀಳಿನಲ್ಲಿ ತೂರಿಸಿದ. ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹರಿದರೆ ಮಾತ್ರ ತೆರೆಯುತ್ತದೆ. ಬಾಯಿಗೆ ಬಟ್ಟೆ ಕಟ್ಟಿ, ಸಾಬೂನಿನಲ್ಲಿ ಮೂರು ಸಲ ಕೈ ತೊಳೆದು, ಒಳ್ಳೆಯ ಹಾಳೆಯಲ್ಲಿ ಒಂದನ್ನು ಮಾಡಿದ. ಅಂಚೆಚೀಟಿಯನ್ನು ಅಂಚೆಮನೆಯ ಗುಮಾಸ್ತನ ಕೈಯಲ್ಲೇ ಹಚ್ಚಿಸಿದ. ವಿಳಾಸದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ: "ಇದಕ್ಕೆ ಅಂಟು, ನೀರು, ಎಂಜಲು ಯಾವುದೂ ತಾಗಿಲ್ಲ."

ಅಲ್ಲಿದ್ದ ರೋಗಿಗಳೆಲ್ಲ ಬಂದು ಆ ಲಕೋಟೆಯನ್ನು ನೋಡಿದರು. ಅವರ ಮನೆಗಳಲ್ಲೂ ಇಕ್ಕಳಗಳಿದ್ದವು, ಒಲೆಗಳಿದ್ದವು. ಅವನು ಎಲ್ಲರಿಗೂ ಮಡಚುವುದನ್ನು ಕಲಿಸಿದ. ಹದಿನೈದು ದಿನದಲ್ಲಿ ಉತ್ತರಗಳು ಬರತೊಡಗಿದವು. ವರ್ಷಗಟ್ಟಲೆ ಹೆಸರು ಕೂಗಿಸಿಕೊಳ್ಳದವರ ಹೆಸರನ್ನು ಟಪಾಲಿನವನು ಕೂಗಿದ. ಒಬ್ಬ ಮುದುಕ ತನ್ನ ಹೆಸರು ಕೇಳಿ, ಅದು ಬೇರೆ ಯಾರದೋ ಎಂದು ಏಳದೆ ಕೂತಿದ್ದ.

ಇಪ್ಪತ್ತನೆಯ ದಿನ ರಟ್ಟಿನವನ ಹೆಸರೂ ಬಂತು. ಅವನ ಕೈಗೆ ಬಂದದ್ದು ಸಾಧಾರಣ ಲಕೋಟೆ. ಅಂಟಿನ ಅಂಚು ಒದ್ದೆಯಾಗಿ ಒಣಗಿ ಸುಕ್ಕುಗಟ್ಟಿತ್ತು. ಒಳಗೆ ಹೆಂಡತಿಯ ಅಕ್ಷರವಿತ್ತು.

"ನಿಮ್ಮ ಹೊಸ ಲಕೋಟೆ ಬಂತು. ಅತ್ತೆಯವರು ತಿರುಗಿಸಿ ಮುರುಗಿಸಿ ನೋಡಿದರು, ಮೂಸಿಯೂ ನೋಡಿದರು. ಆಮೇಲೆ ಕೈಯಲ್ಲೇ ಹಿಡಿದು ತಂದು ಕೊಟ್ಟರು, ಆಣೆಯನ್ನೂ ಬಿಡಿಸಿದರು. ಬೀದಿಯವರೆಲ್ಲ ನಿಮ್ಮ ಬುದ್ಧಿಯನ್ನು ಹೊಗಳುತ್ತಿದ್ದಾರೆ. ನನಗೂ ಸಂತೋಷವೇ. ಆದರೆ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೋದ ವರ್ಷ ಅತ್ತೆ ನೀರಿಗೆ ಹೋಗಿದ್ದಾಗ ಒಲೆಯಿಂದ ನಿಮ್ಮ ಒಂದು ಕಾಗದವನ್ನು ಎಳೆದುಕೊಂಡೆ. ಬರೆದದ್ದೆಲ್ಲ ಸುಟ್ಟಿತ್ತು, ನೀವು ಅಂಟಿಸಿದ ಅಂಚು ಮಾತ್ರ ಉಳಿದಿತ್ತು. ಅದನ್ನು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಿದ್ದೇನೆ. ಮದುವೆಯಾದಂದಿನಿಂದ ನೀವು ಉಂಡ ಎಲೆಯಲ್ಲೇ ಉಂಡವಳು ನಾನು. ಈ ಹೊಸ ಲಕೋಟೆಯಲ್ಲಿ ಮಾತೆಲ್ಲ ಇದೆ, ನೀವು ಇಲ್ಲ. ಮುಂದಿನದನ್ನು ಮೊದಲಿನ ಹಾಗೆ ಅಂಟಿಸಿ ಕಳಿಸಿ. ಬಚ್ಚಲ ಒಲೆಯ ಮುಂದೆ ಈಗ ನಾನೇ ಕೂರುತ್ತೇನೆ."

ಅವನು ಆ ಕಾಗದವನ್ನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಸೋಮವಾರ ಬಂತು. ಉತ್ತರ ಬರೆದ. ಪೆಟ್ಟಿಗೆಯ ತಳದಲ್ಲಿ ಹಳೆಯ ಅಂಟಿನ ಲಕೋಟೆ ಒಂದು ಉಳಿದಿತ್ತು. ಅದನ್ನು ತೆಗೆದು ಕಾಗದವನ್ನು ಒಳಗಿಟ್ಟು, ಅಂಚನ್ನು ಬಾಯಿಯ ಹತ್ತಿರ ತಂದ. ಅವಳು ಬೇಡಿದ್ದೂ ಅದನ್ನೇ, ಅವನು ಬಯಸಿದ್ದೂ ಅದನ್ನೇ. ಎರಡು ವರ್ಷದ ಹಂಬಲವೆಲ್ಲ ಆ ಕ್ಷಣ ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ತಾಗಿಸಿದರೆ ತಾನು ಅಲ್ಲಿ ಇರುತ್ತೇನೆ, ಅವಳ ಬೆರಳಿನ ಕೆಳಗೆ, ಅವಳ ಭರಣಿಯಲ್ಲಿ. ಅಷ್ಟರಲ್ಲಿ ಕೆಮ್ಮು ಬಂತು.

ಕೆಮ್ಮು ನಿಂತ ಮೇಲೆ ಅವನು ಆ ಲಕೋಟೆಯನ್ನು ಹರಿದು ಹಾಕಿದ. ಬಾಯಿಗೆ ಬಟ್ಟೆ ಕಟ್ಟಿಕೊಂಡ. ಮೂರು ಸಲ ಕೈ ತೊಳೆದ. ಎಳೆ ನೋಡಿ ಹಾಳೆ ಕತ್ತರಿಸಿ, ಎಡಕ್ಕೆ ಮಡಚಿ, ಬಲಕ್ಕೆ ಮಡಚಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದ. ಒತ್ತುವಾಗ ಅತ್ತ. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಮುಖವನ್ನು ಆಚೆ ತಿರುಗಿಸಿಕೊಂಡೇ ಅತ್ತ.

ಹಾಗೆ ಅವನು ಒಂಬತ್ತು ವರ್ಷ ಬರೆದ. ಪ್ರತಿ ಸೋಮವಾರ ಒಣ ಲಕೋಟೆ ಹೋಗುತ್ತಿತ್ತು, ಪ್ರತಿ ಶನಿವಾರ ಹಸಿ ಅಂಚಿನದು ಬರುತ್ತಿತ್ತು. ಅವಳ ಲಕೋಟೆಯನ್ನು, ಅವಳು ಅಂಟಿಸಿದ ಕಡೆ ಅವನು ಬಿಡಿಸುತ್ತಿರಲಿಲ್ಲ, ಪಕ್ಕದಿಂದ ಕತ್ತರಿಸುತ್ತಿದ್ದ. ಅವಳು ಒಂದೊಂದು ಕಾಗದದ ಕೊನೆಗೂ ಮೊದಲಿನ ಹಾಗೆ ಅಂಟಿಸಿ ಎಂದೇ ಕೇಳುತ್ತಿದ್ದಳು. ಅವನು ಎಲ್ಲಕ್ಕೂ ಉತ್ತರ ಬರೆಯುತ್ತಿದ್ದ, ಅದೊಂದಕ್ಕೆ ಬರೆಯುತ್ತಿರಲಿಲ್ಲ. ಹತ್ತನೆಯ ವರ್ಷ ಅವನು ಗುಡ್ಡದ ಮೇಲೆಯೇ ತೀರಿಕೊಂಡ. ಅವಳು ಎಂಬತ್ತು ವರ್ಷ ಬಾಳಿದಳು. ಒಂದು ದಿನವೂ ಕೆಮ್ಮಲಿಲ್ಲ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಅವನು ಕೈ ಮುಗಿದು ಹೇಳಿದ: "ತಿಳಿಯಿತು, ಗುರುಗಳೇ. ಅವನೂ ನನ್ನ ಹಾಗೆಯೇ ಒಣಗಿ ಪ್ರೀತಿಸಿದ. ಹಾಗಾದರೆ ನನ್ನ ದಾರಿ ಸರಿಯಾಗಿಯೇ ಇದೆ."

ಗುರುಗಳು ಹೇಳಿದರು: "ಅವನು ಒಣಗಿದ್ದು ಅವಳನ್ನು ಉಳಿಸಲು, ಮಗು, ನೀನು ಯಾರನ್ನು ಉಳಿಸುತ್ತಿದ್ದೀಯ?"